ಮರೆವಿನ ಹಿಂದಿನ ಉರಿ

1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಮನೋವೈದ್ಯರ ಸಭೆಯೊಂದು ಸೇರಿತ್ತು. ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು, ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ ಆಗಸ್ಟೆ ಡೆಟರ್ ಎಂಬ ಮಹಿಳೆಯ ಮಿದುಳಿನಲ್ಲಿ ತಾವು ಕಂಡದ್ದನ್ನು ಅಲ್ಲಿ ವಿವರಿಸಿದರು. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಗಂಡನ ಹೆಸರೇನು ಎಂದು ಕೇಳಿದರೆ ತನ್ನ ಹೆಸರನ್ನೇ ಹೇಳುತ್ತಿದ್ದರು. ಅಲ್ಝೈಮರರ ಮಾತು ಮುಗಿದಾಗ ಸಭೆಯಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುವರ್ಷ ಅದು ಪುಟ್ಟ ಬರಹವಾಗಿ ಅಚ್ಚಾಯಿತು.

ಆ ಬರಹದ ಎರಡು ಸಂಗತಿಗಳು ಇಂದು ವೈದ್ಯ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಒಂದು, ನರಕೋಶಗಳ ಹೊರಗೆ ಅಲ್ಲಲ್ಲಿ ಗಟ್ಟಿಗೊಂಡು ಕೂತಿದ್ದ ವಸ್ತು. ಈಗ ಅದನ್ನು ಅಮಿಲಾಯ್ಡ್ ಪ್ಲೇಕ್ ಎನ್ನುತ್ತಾರೆ. ಇನ್ನೊಂದು, ನರಕೋಶಗಳ ಒಳಗೇ ಸಿಕ್ಕುಗಟ್ಟಿದ್ದ ಎಳೆಗಳು. ಅವು ಟಾವ್ ಎಂಬ ಪ್ರೋಟೀನಿನವು. ಅಲ್ಝೈಮರ್ ಮೂರನೆಯದೊಂದನ್ನೂ ಬರೆದಿದ್ದರು. ನರಕೋಶಗಳ ಸುತ್ತ ಇರುವ ಗ್ಲಿಯಾ ಕೋಶಗಳು ಹೇರಳವಾಗಿ ಎಳೆಗಳನ್ನು ಬೆಳೆಸಿಕೊಂಡಿವೆ, ಅವುಗಳಲ್ಲಿ ಅನೇಕವು ಒಡಲಲ್ಲಿ ಕೊಬ್ಬಿನ ದೊಡ್ಡ ಚೀಲಗಳನ್ನು ಹೊತ್ತಿವೆ ಎಂದು. ಮೊದಲ ಎರಡರ ಮೇಲೆ ಇಡೀ ಶತಮಾನದ ಸಂಶೋಧನೆ ನಿಂತಿತು. ಮೂರನೆಯದನ್ನು ಹೆಚ್ಚಿನವರು ಓದಿ ಮುಂದೆ ಹೋದರು. ಈ ಲೇಖನ ಆ ಮೂರನೆಯದರ ಬಗ್ಗೆ, ಅಂದರೆ ಮಿದುಳಿನ ಉರಿಯೂತದ ಬಗ್ಗೆ.

ಕಾಲಿಗೆ ಮುಳ್ಳು ಹೊಕ್ಕರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಉರಿಯೂತಕ್ಕೆ ಹೇಳಿದ ನಾಲ್ಕು ಲಕ್ಷಣಗಳು ಇವೇ. ಮಿದುಳಿನ ಉರಿಯೂತದಲ್ಲಿ, ಅದರಲ್ಲೂ ವರ್ಷಗಟ್ಟಲೆ ಒಳಗೊಳಗೇ ನಡೆಯುವ ಬಗೆಯಲ್ಲಿ, ಇವೊಂದೂ ಕಾಣುವುದಿಲ್ಲ. ಮಿದುಳಿನ ಅಂಗಾಂಶಕ್ಕೆ ನೋವು ತಿಳಿಸುವ ನರಗಳೇ ಇಲ್ಲ. ಅಲ್ಲಿ ಕೀವಿಲ್ಲ, ಜ್ವರವಿಲ್ಲ. ರಕ್ತದಲ್ಲಿರುವ ರೋಗನಿರೋಧಕ ಕೋಶಗಳು ಸುಲಭವಾಗಿ ಒಳಗೆ ನುಗ್ಗದಂತೆ ರಕ್ತನಾಳಗಳ ಗೋಡೆಯೇ ತಡೆಯುತ್ತದೆ. ಇದರಿಂದಾಗಿ ದೇಹದ ರೋಗನಿರೋಧಕ ವ್ಯವಸ್ಥೆಗೂ ಮಿದುಳಿಗೂ ಹೆಚ್ಚಿನ ನಂಟಿಲ್ಲ ಎಂದೇ ಬಹುಕಾಲ ಪಾಠ ಹೇಳಲಾಯಿತು.

ಮಿದುಳಿಗೆ ತನ್ನದೇ ಕಾವಲು ಪಡೆಯಿದೆ. ಗ್ಲಿಯಾ ಕೋಶಗಳ ನಡುವೆ ಅದನ್ನು ಬೇರೆಯಾಗಿ ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟವರು ಸ್ಪೇನಿನ ಪಿಯೊ ದೆಲ್ ರಿಯೊ ಹೊರ್ತೆಗಾ. 1919ರಲ್ಲಿ ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸುವ ಹೊಸ ವಿಧಾನ ಬಳಸಿ, ಕವಲೊಡೆದ ಕೈಗಳ ಈ ಪುಟ್ಟ ಕೋಶಗಳನ್ನು ಅವರು ತೋರಿಸಿದರು. ಮಿದುಳಿಗೆ ಏಟಾದಾಗ ಇವು ಕೈಗಳನ್ನು ಒಳಗೆಳೆದುಕೊಂಡು ದುಂಡಗಾಗಿ, ಸತ್ತದ್ದನ್ನು ತಿಂದು ಶುಚಿಮಾಡುತ್ತವೆ ಎಂಬುದನ್ನೂ ಅವರೇ ಕಂಡುಕೊಂಡರು. ಇಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯ ಅಂತರ್ಯುದ್ಧದ ದೆಸೆಯಿಂದ ತಾಯ್ನಾಡು ಬಿಟ್ಟು, 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕೊನೆಯುಸಿರೆಳೆದರು.

ಮಿದುಳಿನ ಉಳಿದ ಕೋಶಗಳ ಹುಟ್ಟಿಗೂ ಮೈಕ್ರೋಗ್ಲಿಯಾದ ಹುಟ್ಟಿಗೂ ಸಂಬಂಧವಿಲ್ಲ. ಭ್ರೂಣದ ಆರಂಭದ ದಿನಗಳಲ್ಲಿ ಅದರ ಹೊರಗಿರುವ ಅಂಡಪೀತ ಚೀಲದಲ್ಲಿ ಹುಟ್ಟಿ, ಆಗಷ್ಟೇ ರೂಪುಗೊಳ್ಳುತ್ತಿರುವ ಮಿದುಳಿಗೆ ವಲಸೆ ಬಂದು ನೆಲೆಯೂರುತ್ತವೆ ಎಂದು 2010ರಲ್ಲಿ ಇಲಿಗಳಲ್ಲಿ ಖಚಿತವಾಯಿತು. ಏನೂ ಆಗದಿದ್ದಾಗ ಇವು ತೆಪ್ಪಗೆ ಕೂತಿರುತ್ತವೆ ಎಂಬ ಎಣಿಕೆಯೂ 2005ರಲ್ಲಿ ಅಳಿಸಿಹೋಯಿತು. ಬದುಕಿರುವ ಇಲಿಯ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಈ ಕೋಶಗಳು ತಮ್ಮ ಕೈಗಳನ್ನು ಬಿಡುವಿಲ್ಲದೆ ಚಾಚುತ್ತ, ಸುತ್ತಲಿನ ಒಂದೊಂದು ಅಂಗುಲವನ್ನೂ ತಡವಿ ನೋಡುತ್ತಿದ್ದವು.

ಅಲ್ಝೈಮರರ ಮೂರನೆಯ ಮಾತಿಗೆ ಮರುಜೀವ ಬಂದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಪ್ಯಾಟ್ರಿಕ್ ಮೆಕ್‌ಗಿಯರ್ ಮತ್ತು ಎಡಿತ್ ಮೆಕ್‌ಗಿಯರ್ ಅಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ದಂಪತಿ. ಪ್ಯಾಟ್ರಿಕ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಪರ ಬ್ಯಾಸ್ಕೆಟ್‌ಬಾಲ್ ಆಡಿದವರು, ತಮ್ಮ ಪ್ರಾಂತ್ಯದಲ್ಲಿ ಮಂತ್ರಿಯೂ ಆಗಿದ್ದವರು. ರೋಗಿಗಳು ತೀರಿಕೊಂಡ ಮೇಲೆ ಅವರ ಮಿದುಳುಗಳನ್ನು ಪರೀಕ್ಷಿಸಿದ ಈ ದಂಪತಿ, ಪ್ಲೇಕುಗಳ ಸುತ್ತ ಮೈಕ್ರೋಗ್ಲಿಯಾ ಮುತ್ತಿಕೊಂಡಿರುವುದನ್ನು, ಅವುಗಳ ಮೈಮೇಲೆ ಕಾದಾಟದ ಗುರುತಾದ ಒಂದು ಪ್ರೋಟೀನ್ ಎದ್ದು ಕಾಣುವುದನ್ನು 1987ರ ಸುಮಾರಿಗೆ ತೋರಿಸಿದರು. ಬೂದಿಯನ್ನು ನೋಡಿ ಬೆಂಕಿಯನ್ನು ಊಹಿಸುವುದು ಸರಿಯಲ್ಲ ಎಂದು ಆಕ್ಷೇಪಿಸಿದವರಿದ್ದರು. ಸತ್ತ ನರಕೋಶಗಳನ್ನು ಎತ್ತಿಹಾಕಲು ಮೈಕ್ರೋಗ್ಲಿಯಾ ಬಂದಿರಬಹುದಲ್ಲ, ಅದು ರೋಗದ ಕಾರಣ ಹೇಗಾದೀತು? ನ್ಯಾಯವಾದ ಪ್ರಶ್ನೆ.

ಮೆಕ್‌ಗಿಯರ್ ದಂಪತಿ ಉತ್ತರವನ್ನು ಕೀಲುನೋವಿನ ರೋಗಿಗಳಲ್ಲಿ ಹುಡುಕಿದರು. ಸಂಧಿವಾತ ಇರುವವರು ವರ್ಷಗಟ್ಟಲೆ ಉರಿಯೂತ ತಗ್ಗಿಸುವ ಮಾತ್ರೆ ನುಂಗುತ್ತಾರೆ. ಅಂಥವರಲ್ಲಿ ಅಲ್ಝೈಮರ್ ಕಾಯಿಲೆ ನಿರೀಕ್ಷೆಗಿಂತ ಬಹಳ ಕಡಿಮೆ ಎಂದು ಅವರು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಅಲ್ಲಿಂದ ಭರವಸೆಯ ಅಲೆಯೇ ಎದ್ದಿತು. ಅಮೆರಿಕದ ಜಾನ್ ಬ್ರೈಟ್ನರ್ ಅವಳಿ ಜವಳಿಗಳನ್ನು ಹೋಲಿಸಿ, ಇಂಥ ಮಾತ್ರೆ ತೆಗೆದುಕೊಂಡವರಲ್ಲಿ ರೋಗ ಕಡಿಮೆ ಅಥವಾ ತಡ ಎಂದರು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 55 ದಾಟಿದ 6,989 ಜನರನ್ನು ಸರಾಸರಿ ಏಳು ವರ್ಷದ ಹತ್ತಿರ ಗಮನಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಈ ಮಾತ್ರೆಗಳನ್ನು ಬಳಸಿದವರಲ್ಲಿ ಅಲ್ಝೈಮರ್ ಸಾಧ್ಯತೆ ಐದನೇ ಒಂದು ಭಾಗಕ್ಕೆ ಇಳಿದಿತ್ತು. ಮೆಡಿಕಲ್ ಶಾಪಿನಲ್ಲಿ ಸಿಗುವ ನೋವಿನ ಮಾತ್ರೆಯಿಂದ ಮರೆವಿನ ಕಾಯಿಲೆ ತಡೆಯಬಹುದೆಂದರೆ ಯಾರಿಗೆ ಆಸೆ ಹುಟ್ಟುವುದಿಲ್ಲ?

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಹಳಷ್ಟು ಲೇಖನಗಳು ರಾಟರ್‌ಡ್ಯಾಮ್‌ನ ಸಿಹಿಸುದ್ದಿ ಹೇಳಿ ನಿಲ್ಲಿಸಿಬಿಡುತ್ತವೆ. ಮಾತ್ರೆ ನುಂಗಿದವರನ್ನು ಹಿಂದಿನಿಂದ ಎಣಿಸುವುದು ಬೇರೆ; ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ಮುಂದೆ ಏನಾಗುತ್ತದೆಂದು ಕಾದು ನೋಡುವುದು ಬೇರೆ. ಹಾಗೆ ನೋಡಿದಾಗ ಫಲ ಸಿಗಲಿಲ್ಲ. ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ 2000ದಲ್ಲಿ ಸೋತಿತ್ತು. 351 ರೋಗಿಗಳಿಗೆ ಒಂದು ವರ್ಷ ರೋಫೆಕಾಕ್ಸಿಬ್, ನ್ಯಾಪ್ರಾಕ್ಸೆನ್ ಅಥವಾ ಹುಸಿಮಾತ್ರೆ ಕೊಟ್ಟ ಪರೀಕ್ಷೆಯಲ್ಲೂ ರೋಗದ ವೇಗ ತಗ್ಗಲಿಲ್ಲ. ರೋಗ ಬಂದವರಿಗೆ ಕೊಟ್ಟದ್ದೇ ತಡವಾಯಿತೇನೋ ಎಂದುಕೊಂಡು, ಬ್ರೈಟ್ನರ್ ಮತ್ತು ಸಂಗಡಿಗರು ಆರೋಗ್ಯವಾಗಿದ್ದರೂ ಮನೆತನದಲ್ಲಿ ರೋಗವಿದ್ದ, 70 ದಾಟಿದ 2,500ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಶುರುಮಾಡಿದರು. 2004ರ ಸೆಪ್ಟೆಂಬರ್‌ನಲ್ಲಿ ಹೃದಯಾಘಾತದ ಅಪಾಯದಿಂದಾಗಿ ರೋಫೆಕಾಕ್ಸಿಬ್ ಮಾರುಕಟ್ಟೆಯಿಂದ ಹಿಂದಕ್ಕೆ ಹೋಯಿತು. ಅದೇ ಜಾತಿಯ ಮಾತ್ರೆಯನ್ನು ಬಳಸುತ್ತಿದ್ದ ಈ ಪರೀಕ್ಷೆಯನ್ನೂ ಡಿಸೆಂಬರ್‌ನಲ್ಲಿ ನಿಲ್ಲಿಸಬೇಕಾಯಿತು. ಬ್ರೈಟ್ನರ್ ಕೈಬಿಡಲಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅವರ ತಂಡ 195 ಜನರಿಗೆ ಎರಡು ವರ್ಷ ನ್ಯಾಪ್ರಾಕ್ಸೆನ್ ಅಥವಾ ಹುಸಿಮಾತ್ರೆ ಕೊಟ್ಟು, 2019ರಲ್ಲಿ ಫಲಿತಾಂಶ ಹೊರತಂದಿತು: ಪ್ರಯೋಜನವಿಲ್ಲ. ಕಾಲು ಶತಮಾನ ನಂಬಿಕೊಂಡು ಬಂದ ವಿಚಾರವನ್ನು ತಾವೇ ಒರೆಗೆ ಹಚ್ಚಿ, ಅದು ನಿಲ್ಲಲಿಲ್ಲವೆಂದು ತಾವೇ ಬರೆದದ್ದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಗೌರವ ಹುಟ್ಟಿಸುವ ಘಟನೆ. ಓದುಗರಲ್ಲಿ ಒಂದು ವಿನಂತಿ: ಮರೆವು ಬಾರದಿರಲೆಂದು ನೋವಿನ ಮಾತ್ರೆ ನುಂಗಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ಹೃದಯಕ್ಕೆ ಅಪಾಯ ಇವು ನಿಜ, ಲಾಭ ಸಾಬೀತಾಗಿಲ್ಲ.

ಹಾಗಾದರೆ ಉರಿಯೂತದ ವಾದವೇ ತಪ್ಪೇ? ಎಲ್ಲರೂ ಹಾಗೆಂದುಕೊಳ್ಳುವಷ್ಟರಲ್ಲಿ ವಂಶವಾಹಿಗಳ ಕಡೆಯಿಂದ ಸಾಕ್ಷ್ಯ ಬಂತು. ಐಸ್‌ಲೆಂಡಿನ ತಂಡವೊಂದು, ಲಂಡನ್ನಿನ ಜಾನ್ ಹಾರ್ಡಿ ಅವರ ಬಳಗವೂ ಸೇರಿದ ಇನ್ನೊಂದು ತಂಡ, 2013ರ ಜನವರಿಯಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಒಂದೇ ವಂಶವಾಹಿಯತ್ತ ಬೆರಳು ತೋರಿಸಿದವು. ಅದರ ಹೆಸರು ಟ್ರೆಮ್2. ಅದರ ಒಂದು ಅಪರೂಪದ ರೂಪ ಇರುವವರಿಗೆ ಅಲ್ಝೈಮರ್ ಬರುವ ಸಂಭವ ಸುಮಾರು ಮೂರು ಪಟ್ಟು. ಮಿದುಳಿನಲ್ಲಿ ಈ ವಂಶವಾಹಿ ಕೆಲಸ ಮಾಡುವುದು ನರಕೋಶದಲ್ಲಲ್ಲ, ಮೈಕ್ರೋಗ್ಲಿಯಾದಲ್ಲಿ. ಹುಟ್ಟುವಾಗಲೇ ಬಂದ ವಂಶವಾಹಿ ರೋಗದ ನಂತರ ಬಂದ ಬೂದಿಯಾಗಲಾರದು. ಮೆಕ್‌ಗಿಯರ್ ದಂಪತಿಗೆ ಎದುರಾದ ಆಕ್ಷೇಪಕ್ಕೆ ಸಿಕ್ಕ ಗಟ್ಟಿ ಉತ್ತರ ಇದು. ಆಮೇಲೆ ಪತ್ತೆಯಾದ ಅನೇಕ ಅಪಾಯದ ವಂಶವಾಹಿಗಳೂ ಇದೇ ಕೋಶಗಳಿಗೆ ಸೇರಿದವು.

ಆದರೆ ಟ್ರೆಮ್2 ಹೇಳಿದ್ದು ಯಾರೂ ಎಣಿಸದ ಸಂಗತಿ. ಅಪಾಯ ತರುವ ಆ ರೂಪದಲ್ಲಿ ಮೈಕ್ರೋಗ್ಲಿಯಾ ಹೆಚ್ಚು ಕೆರಳುವುದಿಲ್ಲ, ಮಂಕಾಗುತ್ತದೆ. ಪ್ಲೇಕಿನ ಸುತ್ತ ಬಂದು ಸೇರಲು, ಅದನ್ನು ಒತ್ತಿ ಬಿಗಿಯಾಗಿ ಸುತ್ತುವರಿದು ನರಕೋಶಗಳಿಂದ ದೂರವಿಡಲು ಅದಕ್ಕೆ ಆಗುವುದಿಲ್ಲ. ಅಂದರೆ ಕಾವಲು ಪಡೆಯ ಪ್ರತಿಕ್ರಿಯೆ ರೋಗದ ಒಂದು ಹಂತದಲ್ಲಿ ನಮಗೆ ಬೇಕೇ ಬೇಕು. ಅದನ್ನು ಮಾತ್ರೆ ಕೊಟ್ಟು ಅದುಮಿದರೆ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಅದುಮಿಹೋಗುತ್ತದೆ. ಇಪ್ಪತ್ತು ವರ್ಷದ ಪರೀಕ್ಷೆಗಳು ಏಕೆ ಸೋತವು ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಇದೇ.

ಒಳ್ಳೆಯದು ಕೆಟ್ಟದ್ದಾಗುವುದು ಹೇಗೆ? ಅಮಿಲಾಯ್ಡ್ ಮಿದುಳಿನಲ್ಲಿ ಕೂಡಿಕೊಳ್ಳಲು ಶುರುವಾಗುವುದು ಮರೆವು ಕಾಣಿಸಿಕೊಳ್ಳುವ ಹತ್ತು ಹದಿನೈದು ವರ್ಷ ಮೊದಲೇ. ಮೈಕ್ರೋಗ್ಲಿಯಾ ಅದನ್ನು ತಿನ್ನಲು ಬರುತ್ತದೆ, ತಿಂದು ಮುಗಿಸಲಾಗದೆ ವರ್ಷಗಳ ಕಾಲ ಅಲ್ಲೇ ಉಳಿಯುತ್ತದೆ. ಆಗ ಅದರೊಳಗೆ ಎನ್‌ಎಲ್‌ಆರ್‌ಪಿ3 ಎಂಬ ಎಚ್ಚರಿಕೆಯ ವ್ಯವಸ್ಥೆ ಚಾಲೂ ಆಗಿ ಇಂಟರ್‌ಲ್ಯೂಕಿನ್ ಎಂಬ ಉರಿಯೂತದ ರಾಸಾಯನಿಕ ಹೊರಬೀಳುತ್ತದೆ. ಜರ್ಮನಿಯ ಬಾನ್ ನಗರದ ಮೈಕೆಲ್ ಹೆನೆಕಾ ಮತ್ತು ಸಂಗಡಿಗರು, ಈ ವ್ಯವಸ್ಥೆಯನ್ನು ಕಿತ್ತುಹಾಕಿದ ಇಲಿಗಳ ನೆನಪು ಉಳಿಯುತ್ತದೆ ಎಂದು 2013ರಲ್ಲಿ ತೋರಿಸಿದರು. ಇದೇ ಬಳಗ 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆರಳಿದ ಮೈಕ್ರೋಗ್ಲಿಯಾ ಹೊರಹಾಕುವ ಪ್ರೋಟೀನ್ ಚೂರುಗಳೇ ಹೊಸ ಅಮಿಲಾಯ್ಡ್ ಗಟ್ಟಿಯಾಗಲು ಹೆಪ್ಪಿನ ಕೆಲಸ ಮಾಡುತ್ತವೆ. ಅಮಿಲಾಯ್ಡ್ ಉರಿಯೂತ ತರುತ್ತದೆ, ಉರಿಯೂತ ಮತ್ತಷ್ಟು ಅಮಿಲಾಯ್ಡ್ ತರುತ್ತದೆ. ಅಲ್ಝೈಮರ್ ಕಂಡಿದ್ದ ಕೊಬ್ಬಿನ ಚೀಲಗಳೂ ಮತ್ತೆ ಸುದ್ದಿಗೆ ಬಂದಿವೆ. ಅಪೊಇ4 ಎಂಬ ಅಪಾಯದ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದವರ ಮಿದುಳಿನಲ್ಲಿ ಕೊಬ್ಬಿನ ಹನಿ ತುಂಬಿಕೊಂಡ ಮೈಕ್ರೋಗ್ಲಿಯಾ ಹೆಚ್ಚು ಎಂದು ಸ್ಟ್ಯಾನ್‌ಫರ್ಡ್‌ನ ಟೋನಿ ವಿಸ್ ಕೋರೆ ತಂಡ 2024ರಲ್ಲಿ ವರದಿ ಮಾಡಿತು. ಅಂಥ ಕೋಶಗಳಿಂದ ಹೊರಬರುವ ವಸ್ತುಗಳು ಪಕ್ಕದ ನರಕೋಶಗಳಿಗೆ ವಿಷವಾಗುತ್ತವೆ.

ನನ್ನನ್ನು ಹೆಚ್ಚು ಕಾಡಿದ್ದು ಸಿನಾಪ್ಸ್‌ಗಳ ಸಂಗತಿ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂಧಿಗಳು ಇವು. ನೆನಪು ನಿಂತಿರುವುದು ಇವುಗಳ ಮೇಲೆ. ಅಲ್ಝೈಮರ್ ರೋಗಿಯ ಬುದ್ಧಿಶಕ್ತಿ ಎಷ್ಟು ಕುಂದಿದೆ ಎಂಬುದಕ್ಕೆ ಪ್ಲೇಕುಗಳ ಲೆಕ್ಕಕ್ಕಿಂತ ಕಳೆದುಹೋದ ಸಿನಾಪ್ಸ್‌ಗಳ ಲೆಕ್ಕ ಚೆನ್ನಾಗಿ ಹೊಂದುತ್ತದೆ ಎಂದು ರಾಬರ್ಟ್ ಟೆರಿ 1991ರಲ್ಲೇ ತೋರಿಸಿದ್ದರು. ಬೆಳೆಯುವ ಮಗುವಿನ ಮಿದುಳಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಿನಾಪ್ಸ್‌ಗಳಿರುತ್ತವೆ. ಬೇಡವಾದವಕ್ಕೆ ಸಿ1ಕ್ಯೂ ಎಂಬ ಪ್ರೋಟೀನ್ ಅಂಟಿಕೊಳ್ಳುತ್ತದೆ, ಆ ಗುರುತು ಕಂಡು ಮೈಕ್ರೋಗ್ಲಿಯಾ ಅವನ್ನು ತಿಂದುಹಾಕುತ್ತದೆ. ಇದು ಹೊಲದ ಕಳೆ ತೆಗೆಯುವ ಕೆಲಸ. ಅದಾದರೆ ಮಾತ್ರ ಪೈರು ಎದ್ದೇಳುತ್ತದೆ. ಅಮೆರಿಕದ ಬಾಸ್ಟನ್ನಿನ ಬೆತ್ ಸ್ಟೀವನ್ಸ್ ತಂಡ 2016ರಲ್ಲಿ ಹೇಳಿದ್ದು ಏನೆಂದರೆ, ಅಮಿಲಾಯ್ಡ್ ಹೆಚ್ಚಿದ ಇಲಿಗಳಲ್ಲಿ, ಪ್ಲೇಕು ಕಟ್ಟುವ ಮೊದಲೇ, ಬಾಲ್ಯದ ಆ ಕೆಲಸ ಬೆಳೆದ ಮಿದುಳಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮತ್ತೆ ಶುರುವಾಗುತ್ತದೆ. ಈ ಸಲ ಕಿತ್ತುಹೋಗುವುದು ಪೈರು. ಸಿ1ಕ್ಯೂವನ್ನು ತಡೆದರೆ ಸಿನಾಪ್ಸ್‌ಗಳು ಉಳಿಯುತ್ತವೆ.

ಇಂದಿನ ಹೊಸ ಔಷಧಗಳೂ ಕೊನೆಗೆ ಇದೇ ಕೋಶಗಳ ಕೈಗೆ ಕೆಲಸ ಒಪ್ಪಿಸುತ್ತವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಮಂಜೂರಾತಿ ಪಡೆದ ಲೆಕನೆಮ್ಯಾಬ್, ಮರುವರ್ಷ ಬಂದ ಡೊನನೆಮ್ಯಾಬ್ ಎರಡೂ ಅಮಿಲಾಯ್ಡ್‌ಗೆ ಅಂಟಿಕೊಳ್ಳುವ ಪ್ರತಿಕಾಯಗಳು. ಅಂಟಿಕೊಂಡದ್ದನ್ನು ತಿಂದು ತೆಗೆಯುವುದು ಮುಖ್ಯವಾಗಿ ಮೈಕ್ರೋಗ್ಲಿಯಾ. 1,795 ರೋಗಿಗಳ ಪರೀಕ್ಷೆಯಲ್ಲಿ ಲೆಕನೆಮ್ಯಾಬ್ 18 ತಿಂಗಳಲ್ಲಿ ಕುಸಿತದ ವೇಗವನ್ನು ಶೇ 27ರಷ್ಟು ತಗ್ಗಿಸಿತು. ಜೊತೆಗೆ ನೂರರಲ್ಲಿ ಹನ್ನೆರಡು ಹದಿಮೂರು ಜನರಿಗೆ ಮಿದುಳಿನಲ್ಲಿ ಊತ ಕಾಣಿಸಿಕೊಂಡಿತು. ಕಾವಲು ಪಡೆಯನ್ನು ಹುರಿದುಂಬಿಸುವುದರ ಬೆಲೆ ಅದಾಗಿರಬಹುದು. ಇದಕ್ಕೂ ಮೊದಲು, 2002ರಲ್ಲಿ ಮೊದಲ ಅಮಿಲಾಯ್ಡ್ ಲಸಿಕೆಯ ಪರೀಕ್ಷೆ ಮಿದುಳುರಿಯೂತದಿಂದ ಅರ್ಧಕ್ಕೇ ನಿಂತಿತ್ತು. ಲಸಿಕೆ ಪಡೆದವರಲ್ಲಿ ಶೇ 6 ಜನ ಅದಕ್ಕೆ ತುತ್ತಾಗಿದ್ದರು. ಟ್ರೆಮ್2ವನ್ನು ನೇರವಾಗಿ ಚುರುಕುಗೊಳಿಸುವ ಔಷಧವೊಂದು 2024ರ ನವೆಂಬರ್‌ನಲ್ಲಿ ಸೋತಿತು. ಯಾವಾಗ ಕೆರಳಿಸಬೇಕು, ಯಾವಾಗ ತಣಿಸಬೇಕು ಎಂಬ ಹೊತ್ತಿನ ಲೆಕ್ಕ ಇನ್ನೂ ಯಾರಿಗೂ ಕೈಗೆ ಸಿಕ್ಕಿಲ್ಲ.

ಉರಿಯೂತ ಎಂದ ಕೂಡಲೇ ನಮ್ಮಲ್ಲಿ ಅರಿಶಿನದ ಮಾತು ಬರುತ್ತದೆ. ಅದರಲ್ಲಿರುವ ಕರ್ಕ್ಯುಮಿನ್ ಇಲಿಗಳ ಮಿದುಳಿನಲ್ಲಿ ಉರಿಯೂತವನ್ನೂ ಅಮಿಲಾಯ್ಡನ್ನೂ ತಗ್ಗಿಸಿತೆಂದು ಕ್ಯಾಲಿಫೋರ್ನಿಯಾದ ಸಂಶೋಧಕರು 2001ರಲ್ಲಿ ಬರೆದದ್ದು ನಿಜ. ಅಲ್ಝೈಮರ್ ರೋಗಿಗಳಿಗೇ 24 ವಾರ ಕೊಟ್ಟು ನೋಡಿದ ಪುಟ್ಟ ಪರೀಕ್ಷೆಯಲ್ಲಿ ಉಪಯೋಗ ಕಾಣಲಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಸಾರಿಗೆ, ಹಾಲಿಗೆ ಅರಿಶಿನ ಧಾರಾಳವಾಗಿ ಹಾಕಿ. ದುಬಾರಿ ಕ್ಯಾಪ್ಸೂಲಿಗೆ ಹಣ ಸುರಿಯಬೇಡಿ.

ಇದಕ್ಕಿಂತ ಗಟ್ಟಿಯಾದ ಸುಳಿವು ಬ್ರಿಟನ್ನಿನ ವೇಲ್ಸ್‌ನಿಂದ ಬಂದಿದೆ. ಅಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ವಯಸ್ಸಾದವರಿಗೆ ಸರ್ಪಸುತ್ತಿನ ಲಸಿಕೆ ಹಾಕಲು ಶುರುಮಾಡಿದಾಗ, 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಅವಕಾಶವಿತ್ತು. ಒಂದು ವಾರ ಮೊದಲು ಹುಟ್ಟಿದವರಿಗೂ ಒಂದು ವಾರ ಆಮೇಲೆ ಹುಟ್ಟಿದವರಿಗೂ ಲಸಿಕೆ ಬಿಟ್ಟರೆ ಬೇರೆ ವ್ಯತ್ಯಾಸವೇನಿದ್ದೀತು? ಏಳು ವರ್ಷಗಳಲ್ಲಿ, ಲಸಿಕೆ ಪಡೆದವರಲ್ಲಿ ಮರೆವಿನ ರೋಗ ಸುಮಾರು ಐದನೇ ಒಂದು ಭಾಗ ಕಡಿಮೆ ಎಂದು 2025ರ ಏಪ್ರಿಲ್‌ನಲ್ಲಿ ‘ನೇಚರ್’ ಪ್ರಕಟಿಸಿತು. ನರಗಳಲ್ಲಿ ಅಡಗಿ ಕೂತಿರುವ ವೈರಾಣು ಆಗಾಗ ಎದ್ದು ಉರಿಯೂತ ಹಚ್ಚುವುದನ್ನು ಲಸಿಕೆ ತಡೆಯಿತೋ, ರೋಗನಿರೋಧಕ ವ್ಯವಸ್ಥೆಯನ್ನೇ ಬೇರೆ ಬಗೆಯಲ್ಲಿ ಪಳಗಿಸಿತೋ, ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ದೇಶದ ಲೆಕ್ಕವೂ ಸಣ್ಣದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಂತೆ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಅದರ ದೊಡ್ಡ ಕಾರಣ ಅಲ್ಝೈಮರ್. ಮೇಲೆ ಹೇಳಿದ ವಂಶವಾಹಿಗಳ ಹುಡುಕಾಟ ಬಹುಪಾಲು ಯುರೋಪಿಯನ್ ಮೂಲದವರಲ್ಲಿ ನಡೆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ 10,000 ಜನರನ್ನು ವರ್ಷಗಳ ಕಾಲ ಗಮನಿಸುವ ಕೆಲಸ ಕೈಗೆತ್ತಿಕೊಂಡಿದೆ. ರಕ್ತ, ವಂಶವಾಹಿ, ಮಿದುಳಿನ ಸ್ಕ್ಯಾನ್, ಅಕ್ಷರ ಬಾರದವರೂ ಉತ್ತರಿಸಬಹುದಾದ ನೆನಪಿನ ಪರೀಕ್ಷೆ, ಎಲ್ಲವೂ ಅದರಲ್ಲಿವೆ. ಬರಗಾಲದ ಸೀಮೆಯ ರೈತರು, ರೈತ ಹೆಂಗಸರು ಹೊಲದ ಕೆಲಸ ಬಿಟ್ಟು ಬಂದು ಈ ಪರೀಕ್ಷೆಗೆ ಕೂರುವುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಮನೆಯಲ್ಲಿ ಮರೆವಿನ ರೋಗವಿರುವ ಹಿರಿಯರನ್ನು ನೋಡಿಕೊಳ್ಳುತ್ತಿರುವವರಿಗೆ ಈ ಸಂಶೋಧನೆಯಿಂದ ಇಂದೇ ಸಿಗುವ ಪ್ರಯೋಜನ ಒಂದಿದೆ. ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ಹ್ಯೂ ಪೆರಿ ಮತ್ತು ಸಂಗಡಿಗರು ಕಂಡುಕೊಂಡಂತೆ, ರೋಗದಿಂದ ಆಗಲೇ ಅರೆಕೆರಳಿರುವ ಮೈಕ್ರೋಗ್ಲಿಯಾಕ್ಕೆ ದೇಹದ ಬೇರೆಲ್ಲೋ ಆದ ಸೋಂಕಿನ ಸುದ್ದಿ ತಲುಪಿದರೆ ಅದು ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ. ಅದೇ ಊರಿನ ಕ್ಲೈವ್ ಹೋಮ್ಸ್ 300 ಅಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ವರದಿ ಮಾಡಿದರು: ನಡುವೆ ಸೋಂಕು ಅಥವಾ ಪೆಟ್ಟು ಆಗಿ ರಕ್ತದಲ್ಲಿ ಉರಿಯೂತದ ರಾಸಾಯನಿಕ ಏರಿದವರಲ್ಲಿ ಬುದ್ಧಿಶಕ್ತಿಯ ಕುಸಿತ ಇಮ್ಮಡಿ. ಮೊದಲಿಂದಲೂ ಅದು ಹೆಚ್ಚಿದ್ದವರಲ್ಲಿ ನಾಲ್ಮಡಿ.

ಮೂತ್ರದ ಸೋಂಕು, ನ್ಯುಮೋನಿಯಾ, ಹಲ್ಲಿನ ಕೀವು, ಬೆನ್ನಿನ ಹಾಸಿಗೆ ಹುಣ್ಣು ಇವೆಲ್ಲ ಮಿದುಳಿನವರೆಗೆ ಮುಟ್ಟುವ ಕಾಯಿಲೆಗಳು. ನಮ್ಮ ಮನೆಗಳಲ್ಲಿ ನಡೆಯುವುದೇನು? ನಿನ್ನೆ ಮೊನ್ನೆಯವರೆಗೆ ತಾನೇ ಊಟ ಮಾಡುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಮಂಕಾಗುತ್ತಾರೆ, ಅಥವಾ ರಾತ್ರಿಯಿಡೀ ಬಡಬಡಿಸುತ್ತಾರೆ, ಇಲ್ಲದವರನ್ನು ಕರೆಯುತ್ತಾರೆ. ಹಿಂದಿನವರು ಇದನ್ನು ಸನ್ನಿ ಎನ್ನುತ್ತಿದ್ದರು. ಈಗ ಕಾಯಿಲೆ ಜಾಸ್ತಿಯಾಯಿತು, ಅರವತ್ತಕ್ಕೆ ಅರಳು ಮರಳು, ಏನು ಮಾಡಲಾದೀತು ಎಂದು ಸುಮ್ಮನಾಗುತ್ತೇವೆ. ಅಲ್ಝೈಮರ್ ಎರಡು ದಿನದಲ್ಲಿ ಹಾಗೆ ಜಿಗಿಯುವುದಿಲ್ಲ. ಹಠಾತ್ತನೆ ಬದಲಾದರೆ ಬೇರೆ ಕಾರಣ ಇದ್ದೇ ಇದೆ ಎಂದುಕೊಂಡು ಹುಡುಕಬೇಕು. ವಯಸ್ಸಾದವರಿಗೆ ಸೋಂಕಾದರೂ ಮೈ ಬಿಸಿಯಾಗದೆ ಇರಬಹುದು. ಉರಿಮೂತ್ರದ ನೋವನ್ನು ಅವರಿಗೆ ಹೇಳಿಕೊಳ್ಳಲು ಬಾರದಿರಬಹುದು. ನೀರು ಎಷ್ಟು ಕುಡಿದರು, ಮಲಬದ್ಧತೆ ಇದೆಯೇ, ಬಿದ್ದಿದ್ದರೇ, ಮಾತ್ರೆ ಏನಾದರೂ ಹೊಸದಾಗಿ ಸೇರಿದೆಯೇ, ಮೂತ್ರದ ವಾಸನೆ ಬದಲಾಗಿದೆಯೇ, ಉಸಿರಾಟ ಜೋರಾಗಿದೆಯೇ, ಬೆನ್ನಿನ ಚರ್ಮ ಕೆಂಪಾಗಿದೆಯೇ ಎಂದು ನೋಡಿ, ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು. ಅಲ್ಲಿ ‘ಮರೆವಿನ ರೋಗ’ ಎಂದಷ್ಟೇ ಹೇಳಿದರೆ ಸಾಲದು. ಸೋಮವಾರದವರೆಗೆ ಹೇಗಿದ್ದರು, ಮಂಗಳವಾರ ಏನು ಬದಲಾಯಿತು ಎಂಬುದನ್ನು ಬಿಡಿಸಿ ಹೇಳಿ, ಮೂತ್ರ ಮತ್ತು ರಕ್ತದ ಪರೀಕ್ಷೆ ಮಾಡಿಸಿ ಎಂದು ಕೇಳಬೇಕು.